ಮಳೆ ಹಿಡಿಯುವ ಮುಂಚೆ ಮನೆಯ ಬೇಡದ ಸಾಮಾನು ಖಾಲಿ ಮಾಡೋಣ

ಸಂಪಾದಕರೇ,

ನಮ್ಮ ಮಲೆನಾಡಿನ ಮನೆಗಳಲ್ಲಿ ಸಾಮಾನು ಜಾಸ್ತಿ. ಅಟ್ಟ ಇತ್ತು, ಕೊಟ್ಟಿಗೆ ಇತ್ತು, ಹಿತ್ತಲಲ್ಲಿ ಸೌದೆ ಮನೆ ಇತ್ತು, ಹಾಗಾಗಿ ಯಾವುದನ್ನೂ ಬಿಸಾಡುವ ಪ್ರಮೇಯವೇ ಬರಲಿಲ್ಲ. ಈಗ ಎಷ್ಟೋ ಜನ ಶಿವಮೊಗ್ಗಕ್ಕೆ ಬಂದು ಎರಡು ಕೋಣೆಯ ಮನೆಯಲ್ಲಿದ್ದಾರೆ, ಸಾಮಾನೂ ಜೊತೆಗೇ ಬಂದಿದೆ. ಜೂನ್ ಬಂತೆಂದರೆ ಬಟ್ಟೆಯೂ ಒಳಗೇ ಒಣಗಬೇಕು. ಮಂಚದ ಕೆಳಗೆ ತುರುಕಿದ ಹಳೇ ಹಾಸಿಗೆಗೆ ಬೂಸ್ಟು ಹಿಡಿದು ಮನೆಯೆಲ್ಲ ಮುಗ್ಗಲು ವಾಸನೆ ಹೊಡೆಯುವಾಗ ಯಾರಿಗೆ ತಾನೇ ನೆಮ್ಮದಿ ಇರುತ್ತೆ?

ಟಿ.ವಿ. ಕೆಳಗಿನ ಡ್ರಾ ಒಂದನ್ನೇ ಎಳೆದು ನೋಡಿ. ಸುಟ್ಟುಹೋದ ಬಲ್ಬು, ಯಾವ ಫೋನಿಗೂ ಹೊಂದದ ಚಾರ್ಜರ್, ಎಂದೋ ಮುಗಿದ ಮದುವೆಗಳ ಕರೆಯೋಲೆ, ತಾರೀಖು ದಾಟಿದ ಮಾತ್ರೆ, ರಬ್ಬರ್ ಬ್ಯಾಂಡ್ ಹಾಕಿಟ್ಟ ಕರೆಂಟ್ ಬಿಲ್ಲು, ಇವುಗಳ ಮಧ್ಯೆ ಎಲ್ಲೋ ಪಹಣಿ. ಬ್ಯಾಂಕಿಗೆ ಹೋಗುವ ದಿನವೇ ಆ ಪಹಣಿ ಕೈಗೆ ಸಿಗುವುದಿಲ್ಲ. ಗಂಡ ಕೂಗಾಡುತ್ತಾರೆ, ಹೆಂಡತಿ ಒಲೆ ಆರಿಸಿ ಹುಡುಕಲು ಕೂರುತ್ತಾಳೆ, ಸುಮ್ನೆ ಇದ್ದ ಮಕ್ಕಳಿಗೂ ಬೈಗುಳ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಲ್ಲಿ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರವರ ಮನೆ ಸುತ್ತಿ ತೋರಿಸುತ್ತಾ ಮಾತಾಡಲು ಹೇಳಿ, ಜೊತೆಗೆ ಜೊಲ್ಲು ಪರೀಕ್ಷಿಸಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಅಳೆದರು. ಮನೆ ತುಂಬ ಸಾಮಾನು, ಮುಗಿಯದ ಕೆಲಸ ಎಂದು ಹೇಳಿಕೊಂಡ ಹೆಂಗಸರಲ್ಲಿ, ಸಂಜೆಗೆ ಇಳಿಯಬೇಕಾದ ಕಾರ್ಟಿಸಾಲ್ ಸರಿಯಾಗಿ ಇಳಿಯುತ್ತಿರಲಿಲ್ಲ. ಮನೆ ಓರಣವೆಲ್ಲ ಹೆಂಗಸರ ತಲೆಗೇ ಕಟ್ಟಿರುವ ನಮ್ಮ ಕಡೆಯೂ ಕಥೆ ಬೇರೆ ಇರಲಾರದು, ಅಲ್ವಾ? ಈ ಕೆಲಸಕ್ಕೆ ಗಂಡಸರೂ ಕೈ ಹಾಕಲೇಬೇಕು.

ಅಟ್ಟವನ್ನೇ ಒಂದೇ ದಿನ ಇಳಿಸಲು ಹೊರಟರೆ ಸುಸ್ತಾಗಿ ಅರ್ಧಕ್ಕೆ ನಿಲ್ಲುತ್ತದೆ. ಇವತ್ತು ಒಂದು ಡ್ರಾ ಸಾಕು. ಪಹಣಿ, ಪಾಸ್‌ಬುಕ್, ಆಧಾರ್, ರೇಷನ್ ಕಾರ್ಡ್ ಎಲ್ಲಕ್ಕೂ ಒಂದೇ ಫೈಲು, ಅದು ಎಲ್ಲಿದೆ ಎಂದು ಮನೆಮಂದಿಗೆಲ್ಲ ಗೊತ್ತಿರಬೇಕು. ಅಜ್ಜ ಅಡಿಕೆ ಸುಲಿಯುತ್ತಿದ್ದ ಮೆಟ್ಟುಗತ್ತಿಯನ್ನೋ ಅಜ್ಜಿಯ ಟ್ರಂಕನ್ನೋ ಅವರನ್ನು ಕೇಳದೆ ಗುಜರಿಗೆ ಹಾಕುವುದು ಮಾತ್ರ ದೊಡ್ಡ ತಪ್ಪು. ಇನ್ನು ಕೆಲವರಿಗೆ ಹಳೇ ಪೇಪರ್ ಕೊಡುವುದೂ ಸಂಕಟ, ಓಡಾಡಲು ಜಾಗವಿಲ್ಲದಷ್ಟು ಕೂಡಿಟ್ಟಿರುತ್ತಾರೆ. ಅದು ಸೋಮಾರಿತನವಲ್ಲ, ಕಾಯಿಲೆಯೂ ಇರಬಹುದು. ಅಂಥವರನ್ನು ಬೈಯುವ ಬದಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆದರೆ ತೆಗೆದ ಸಾಮಾನನ್ನು ಕೊಡುವುದೆಲ್ಲಿ? ಗುಜರಿಯವರು ಕಬ್ಬಿಣ, ಪೇಪರ್ ಒಯ್ಯುತ್ತಾರೆ, ಹಾಸಿಗೆ, ತಲೆದಿಂಬು, ಕೆಟ್ಟ ಬಲ್ಬು ಬೇಡ ಎನ್ನುತ್ತಾರೆ. ಕೊನೆಗೆ ಅದು ಚರಂಡಿಗೋ ಹೊಳೆ ದಂಡೆಗೋ ಬೀಳುತ್ತದೆ. ಹಿತ್ತಲಿನ ಹಳೇ ಟಯರು, ಒಡಕು ಬಕೆಟ್ಟಿನಲ್ಲಿ ಮಳೆನೀರು ನಿಂತು ಡೆಂಗಿ ಸೊಳ್ಳೆ ಬೆಳೆಯುತ್ತದೆ. ಹಾಗಾಗಿ ಪಾಲಿಕೆ ಮತ್ತು ಗ್ರಾಮ ಪಂಚಾಯಿತಿಯವರು ಮೇ ತಿಂಗಳಲ್ಲಿ ವಾರ್ಡಿಗೊಂದು, ಊರಿಗೊಂದು ದಿನ ಗೊತ್ತುಮಾಡಿ, ಕಸದ ಗಾಡಿಯ ಮೈಕಿನಲ್ಲಿ ವಾರ ಮೊದಲೇ ಹೇಳಿಸಿ, ಇಂಥ ಸಾಮಾನನ್ನು ಮನೆ ಬಾಗಿಲಿಂದಲೇ ಒಯ್ಯಬೇಕು. ಆ ದಿನಗಳ ಪಟ್ಟಿಯನ್ನು ನಿಮ್ಮ ಪತ್ರಿಕೆಯೂ ಹಾಕಲಿ.

— ಓದುಗಳೊಬ್ಬಳು, ವಿನೋಬನಗರ, ಶಿವಮೊಗ್ಗ