ಡಾರ್ಸಿ ಹೆಸರಿನ ಪಕ್ಕ ಬೆರ್ಟಾ ಹೆಸರೂ ಇರ್ಬೇಕು

ಪ್ರೀತಿಯ ಗೆಳೆಯಾ,

ಬ್ರೆಜಿಲ್‌ನಲ್ಲಿ ಜನ ಇವತ್ತಿಗೂ ನೆನಪಿಟ್ಕೊಂಡಿರೋ ಆಂಥ್ರಪಾಲಜಿಸ್ಟ್, ಅಂದ್ರೆ ಜನರ ಬದುಕು, ಸಂಸ್ಕೃತಿ ಅಧ್ಯಯನ ಮಾಡೋರು, ಯಾರು ಅಂತ ಕೇಳಿದ್ಯಲ್ಲ, ಫೋನಲ್ಲಿ ಹೇಳಿ ಮುಗಿಯೋ ವಿಷ್ಯ ಅಲ್ಲ ಅಂತ ಬರೀತಿದೀನಿ. ನನ್ನ ಕೇಳಿದ್ರೆ ಮೊದಲ ಹೆಸರು ಡಾರ್ಸಿ ರಿಬೇರೊ ಕಣೋ. 1922ರಲ್ಲಿ ಮೊಂಟೆಸ್ ಕ್ಲಾರೋಸ್ ಅನ್ನೋ ಊರಲ್ಲಿ ಹುಟ್ಟಿದವರು, ಕಡಿವೇವು, ಕಾಪೋರ್ ಅನ್ನೋ ಮೂಲನಿವಾಸಿ ಜನರ ಹಳ್ಳಿಗಳಲ್ಲಿದ್ದು ಕೆಲಸ ಮಾಡಿದವರು, 1953ರಲ್ಲಿ ರಿಯೋ ಡಿ ಜನೈರೊದಲ್ಲಿ ಮೂಲನಿವಾಸಿಗಳ ಮ್ಯೂಸಿಯಂ ಶುರು ಮಾಡಿದ್ರು, ಆಮೇಲೆ ಬ್ರೆಸಿಲಿಯಾ ಯೂನಿವರ್ಸಿಟಿಯ ಮೊದಲ ಮುಖ್ಯಸ್ಥ, ಶಿಕ್ಷಣ ಮಂತ್ರಿ, ಅಷ್ಟರಲ್ಲಿ 1964ರಲ್ಲಿ ಮಿಲಿಟರಿಯವರು ಸರ್ಕಾರ ಕಿತ್ಕೊಂಡ್ರು, ಇವರು ದೇಶಾನೇ ಬಿಡಬೇಕಾಯ್ತು.

ವಾಪಸ್ ಬಂದು 80ರ ದಶಕದಲ್ಲಿ ರಿಯೋ ರಾಜ್ಯದ ಉಪ ಗವರ್ನರ್ ಆದ್ರಲ್ಲ, ಆಗ ಮಾಡಿದ ಕೆಲಸ ನೋಡು. ಬಡ ಮಕ್ಕಳು ಬೆಳಗ್ಗೆಯಿಂದ ಸಂಜೆವರೆಗೂ ಇರೋ ಸ್ಕೂಲು, ಅಲ್ಲೇ ಊಟ, ಅಲ್ಲೇ ಸ್ನಾನ, ಡಾಕ್ಟರು, ಲೈಬ್ರರಿ. ಬಿಲ್ಡಿಂಗ್ ಡಿಸೈನ್ ಮಾಡಿದ್ದು ಬ್ರೆಜಿಲ್‌ನ ಹೆಸರಾಂತ ಆರ್ಕಿಟೆಕ್ಟ್ ಓಸ್ಕರ್ ನಿಮೆಯರ್, ಮುಂದೆ ಸುಮಾರು 500 ಸ್ಕೂಲು ಎದ್ದವು. 1996ರ ಶಿಕ್ಷಣ ಕಾಯ್ದೆಗೂ ಇವರದ್ದೇ ಹೆಸರು. ಕ್ಯಾನ್ಸರ್ ಬಂದು ಐಸಿಯುನಲ್ಲಿ ಇದ್ದಾಗ, ಬರೀತಿದ್ದ ಪುಸ್ತಕ ಅರ್ಧಕ್ಕೇ ನಿಂತುಬಿಡುತ್ತೆ ಅಂತ ಆಸ್ಪತ್ರೆಯಿಂದ ತಪ್ಪಿಸ್ಕೊಂಡು ಮರಿಕಾದ ಸಮುದ್ರದ ದಡದ ಮನೆಗೆ ಹೋಗಿ ಕೂತು ಬರೆದು ಮುಗಿಸಿದ್ರು ಮಾರಾಯ! ಬ್ರೆಜಿಲ್ ಜನ ಹೇಗೆ ರೂಪುಗೊಂಡ್ರು ಅನ್ನೋ ಆ ಪುಸ್ತಕ 1995ರಲ್ಲಿ ಬಂತು. 1997ರ ಫೆಬ್ರವರಿಯಲ್ಲಿ ತೀರ್ಕೊಂಡ್ರು.

ಆದ್ರೆ ನನ್ನ ಮನಸ್ಸಲ್ಲಿ ಕೊರೀತಿರೋದು ಬೇರೆ. ಕಾಪೋರ್ ಜನರ ಮಧ್ಯೆ ಇದ್ದಾಗ ಡಾರ್ಸಿ ಬರೆದ ಡೈರಿ ಪೂರ್ತಿ ಹೆಂಡತಿಗೆ ಬರೆದ ಪತ್ರದ ಥರ ಇದೆ. ಆ ಹೆಂಡತಿ ಬೆರ್ಟಾ ರಿಬೇರೊ. ಯಹೂದಿ ಮನೆತನದ ಹುಡುಗಿ, ಪೂರ್ವ ಯುರೋಪಿಂದ ಬಂದು ಬ್ರೆಜಿಲ್‌ನಲ್ಲಿ ಬೆಳೆದವಳು, ಆಕೆಯೂ ಆಂಥ್ರಪಾಲಜಿಸ್ಟೇ. ಬುಟ್ಟಿ ಹೆಣೆಯೋದು, ಗರಿಗಳಿಂದ ಒಡವೆ ಮಾಡೋದು, ಯಾವ ಬುಡಕಟ್ಟು ಯಾವ ಹೆಣಿಗೆ ಹಾಕುತ್ತೆ ಅಂತ ಕೂತು ಒಂದೊಂದೇ ವಿಂಗಡಿಸಿ ಬರೆದಿಟ್ಟವಳು, 1988ರಲ್ಲಿ ಅದರದ್ದೇ ಒಂದು ನಿಘಂಟು ತಂದಳು. ನನಗೆ ತುಂಬಾ ಇಷ್ಟ ಆಗಿದ್ದು ಇದು ನೋಡು: ರಿಯೋ ನೀಗ್ರೊ ನದಿ ಕಡೆಯ ದೆಸಾನಾ ಜನಾಂಗದ ಅಪ್ಪ ಮಗ ಇಬ್ಬರು ತಮ್ಮ ಸೃಷ್ಟಿ ಕಥೆಗಳನ್ನ ಬರೆದಿಟ್ಟಿದ್ರು, ಬೆರ್ಟಾ ಮುಂದೆ ನಿಂತು 1980ರಲ್ಲಿ ಅದನ್ನ ಪ್ರಿಂಟ್ ಮಾಡಿಸಿದಳು, ಲೇಖಕರ ಜಾಗದಲ್ಲಿ ಆ ಅಪ್ಪ ಮಗನ ಹೆಸರೇ. ಆಗಿನ ಕಾಲದಲ್ಲಿ ಎಷ್ಟು ಜನ ವಿದ್ವಾಂಸರು ಹಂಗೆ ಮಾಡ್ತಿದ್ರು ಹೇಳು?

ಡಾರ್ಸಿ ತೀರ್ಕೊಂಡ 1997ರಲ್ಲೇ ಬೆರ್ಟಾನೂ ತೀರ್ಕೊಂಡ್ರು. ಆಂಥ್ರಪಾಲಜಿ ಓದ್ತಿರೋ ನಿನ್ನ ತಂಗಿಗೆ ಈ ಪತ್ರ ಕಳ್ಸು, ಮೊದಲು ಬೆರ್ಟಾ ಬಗ್ಗೆ ಹುಡುಕಿ ಓದು ಅಂತ ಹೇಳು.

ನಿನ್ನ ಗೆಳೆಯ