ಮುತ್ತಜ್ಜನ ಊರು ಸಿಕ್ಕಿತು, ನಿಮಗೆಲ್ಲ ಧನ್ಯವಾದ

ನಮ್ಮ ಮಾವನವರ ಮುತ್ತಜ್ಜ ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಬೆಲ್ಮಾಂಟ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಈ ಒಂದು ಸಾಲಿನ ಹಿಂದೆ ಎಷ್ಟೊಂದು ಜನರ ಸಹಾಯ ಇದೆ! ಅದನ್ನು ಹೇಳದೆ ಇರೋಕೆ ಆಗ್ತಿಲ್ಲ.

ನಾನು ಮೈಸೂರಿನವಳು, ಸೊಸೆಯಾಗಿ ಸೇರಿದ್ದು ನೆಬ್ರಾಸ್ಕಾದ ರೈತರ ಮನೆ. ಮದುವೆ ಗೊತ್ತಾದಾಗ ನಮ್ಮಜ್ಜಿ ಕೇಳಿದ್ದು ಒಂದೇ, "ಅವರ ಮೂಲ ಎಲ್ಲಿ?" ಮಾವನವರಿಗೇ ಗೊತ್ತಿರಲಿಲ್ಲ. 1880ರ ಸುಮಾರಿಗೆ ಮುತ್ತಜ್ಜ ನೆಬ್ರಾಸ್ಕಾದ ಲೂಪ್ ನದಿಯ ಬಯಲಿಗೆ ಬಂದು ಜಮೀನು ಹಿಡಿದರು, ಅಷ್ಟೇ. ಹಿಂದಿನದನ್ನು ಅವರು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. (ಆ ಬಯಲು ಅಲ್ಲಿನ ಮೂಲನಿವಾಸಿಗಳಾದ ಪಾನಿ ಜನರದ್ದು. 1870ರ ದಶಕದಲ್ಲಿ ಅವರು ಅದನ್ನು ಬಿಟ್ಟು ಈಗಿನ ಒಕ್ಲಹೋಮಾಕ್ಕೆ ಹೋಗಬೇಕಾಯಿತು. ಇದನ್ನೂ ಬರೆಯಲೇಬೇಕು ಅಂತ ಮಾವನವರೇ ಹೇಳಿದರು.)

ಜನಗಣತಿಯಲ್ಲಿ ಗೊಂದಲ. 1880ರ ಪಟ್ಟಿಯಲ್ಲಿ ಮುತ್ತಜ್ಜ ಹುಟ್ಟಿದ್ದು ಒಹಾಯೊ ಅಂತಿದೆ, 1900ರ ಪಟ್ಟಿಯಲ್ಲಿ ಇಂಡಿಯಾನಾ. ನಡುವಿನ 1890ರ ಪಟ್ಟಿ 1921ರ ಬೆಂಕಿಯಿಂದಾಗಿ ಹೆಚ್ಚುಕಡಿಮೆ ಪೂರ್ತಿ ಹೋಗಿಬಿಟ್ಟಿದೆ.

ದಾರಿ ತೋರಿಸಿದ್ದು ಜಮೀನಿನ ಕಡತ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆವರೆಗೆ ಸರ್ಕಾರಿ ಜಮೀನು ಸಿಗುತ್ತಿತ್ತು. ಐದು ವರ್ಷ ಅಲ್ಲೇ ಇದ್ದು ಉತ್ತಿರಬೇಕು, ಅದಕ್ಕೆ ಅಕ್ಕಪಕ್ಕದವರು ಸಾಕ್ಷಿ ಹೇಳಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಒಕ್ಕೂಟದ (ಉತ್ತರದ ರಾಜ್ಯಗಳ) ಪರ ಹೋರಾಡಿದವರಿಗೆ ಸೇನೆಯಲ್ಲಿದ್ದಷ್ಟು ಕಾಲವನ್ನು ಈ ಐದು ವರ್ಷದಲ್ಲಿ ಕಡಿಮೆ ಮಾಡುತ್ತಿದ್ದರು. ಮುತ್ತಜ್ಜ ಹಾಗೆ ಕಡಿಮೆ ಮಾಡಿಸಿಕೊಂಡಿದ್ದರು. ಅವರ ರೆಜಿಮೆಂಟ್ (ಸೇನಾ ತುಕಡಿ) ಹೆಸರು ಅಲ್ಲೇ ಇತ್ತು! ಆ ಹಳೇ ಕೈಬರಹವನ್ನು ತಾಳ್ಮೆಯಿಂದ ಓದಿಕೊಟ್ಟ ಕೌಂಟಿ ಇತಿಹಾಸ ಸಂಘದ ಹಿರಿಯರಿಗೆ ನನ್ನ ನಮಸ್ಕಾರ.

ರೆಜಿಮೆಂಟ್ ಗೊತ್ತಾದರೆ ಸೈನಿಕರ ಪಿಂಚಣಿ ಕಡತ ಹುಡುಕಬಹುದು. ಅದು ಇದ್ದದ್ದು ವಾಷಿಂಗ್ಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಅಂದರೆ ಹಳೇ ಸರ್ಕಾರಿ ದಾಖಲೆಗಳ ಭಂಡಾರದಲ್ಲಿ. ಅಲ್ಲೇ ಹತ್ತಿರ ಇರುವ ನಮ್ಮ ಮೈಸೂರಿನ ಗೆಳತಿ ಕೆಲಸಕ್ಕೆ ರಜೆ ಹಾಕಿ ಹೋಗಿ, ಒಂದು ಪುಟವೂ ಬಿಡದೆ ಫೋಟೊ ತೆಗೆದು ಕಳಿಸಿದಳು. ನಿನ್ನ ಋಣ ದೊಡ್ಡದು ಕಣೇ.

ಮುತ್ತಜ್ಜ ತೀರಿಕೊಂಡ ಮೇಲೆ ಮುತ್ತಜ್ಜಿ ವಿಧವಾ ಪಿಂಚಣಿಗೆ ಅರ್ಜಿ ಹಾಕಿದ್ದರು. ಅದಕ್ಕೆ ಮದುವೆಯ ಪುರಾವೆ ಬೇಕು. ಆಗ ಮುತ್ತಜ್ಜನ ಅಣ್ಣ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಿದ್ದಾರೆ: ಇಬ್ಬರೂ ಹುಟ್ಟಿ ಬೆಳೆದದ್ದು ಬೆಲ್ಮಾಂಟ್ ಕೌಂಟಿಯಲ್ಲಿ, ತಮ್ಮನಿಗೆ ಮೊದಲು ಬೇರೆ ಮದುವೆ ಆಗಿರಲಿಲ್ಲ. ಅವರಿಗೊಬ್ಬ ಅಣ್ಣ ಇದ್ದದ್ದೇ ನಮಗೆ ಗೊತ್ತಿರಲಿಲ್ಲ. ಮಾವನವರು ಆ ಹಾಳೆಯನ್ನು ಮತ್ತೆ ಮತ್ತೆ ಓದಿದರು.

ಆಮೇಲಿನದು ಸಲೀಸು. ಮನೆಯವರೆಲ್ಲರ ಹೆಸರನ್ನೂ ಬರೆಯೋಕೆ ಶುರುವಾದದ್ದು 1850ರ ಜನಗಣತಿಯಲ್ಲಿ. ಬೆಲ್ಮಾಂಟ್ ಪಟ್ಟಿಯಲ್ಲಿ ಅಪ್ಪ, ಅಮ್ಮ, ಅಣ್ಣ, ಐದು ವರ್ಷದ ಮುತ್ತಜ್ಜ, ಎಲ್ಲರೂ ಸಿಕ್ಕರು. ಆ ಅಣ್ಣನ ವಂಶದ ಒಬ್ಬ ಅಜ್ಜಿ ಈಗಲೂ ಒಹಾಯೊದಲ್ಲಿದ್ದಾರೆ. ಗುರುತು ಪರಿಚಯ ಇಲ್ಲದ ನಾವು ಕೇಳಿದ ತಕ್ಷಣ ಡಿಎನ್‌ಎ ಪರೀಕ್ಷೆಗೆ ಒಪ್ಪಿದರು. ಅದೂ ಹೊಂದಿತು. ಅಜ್ಜಿ, ನಿಮ್ಮ ದೊಡ್ಡ ಮನಸ್ಸಿಗೆ ಹೇಗೆ ಧನ್ಯವಾದ ಹೇಳಲಿ?

ಮುತ್ತಜ್ಜ ತಮ್ಮ ಬಗ್ಗೆ ಏನೂ ಬರೆದಿಡಲಿಲ್ಲ. ಅವರ ಪರವಾಗಿ ಬಂದು ನಿಂತವರ ಮಾತಿನಿಂದಲೇ ನಮಗೆ ಇಷ್ಟೆಲ್ಲ ತಿಳಿದದ್ದು. ಜಮೀನಿಗೆ ಸಾಕ್ಷಿ ಹೇಳಿದ ಆ ನೆರೆಯವರ ಮನೆತನದವರೂ ಎಲ್ಲೋ ಹುಡುಕುತ್ತಿರಬಹುದು, ಅಲ್ವಾ? ಅದಕ್ಕೇ ಎರಡೂ ಕಡತಗಳ ಪ್ರತಿಯನ್ನು ಇತಿಹಾಸ ಸಂಘಕ್ಕೆ ಕೊಟ್ಟಿದ್ದೇವೆ. ಯಾರು ಬೇಕಾದರೂ ಹೋಗಿ ನೋಡಬಹುದು.