ಜೆರುಸಲೆಮ್‌ನಲ್ಲಿರುವ ಪುಟ್ಟಿಗೆ

ಕುಂದಾಪುರ, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು ಓದಿದೆ. ಸಿಗಡಿ ಬಿಟ್ಟೆಯಂತೆ, ಶುಕ್ರವಾರ ಸಂಜೆ ಮೋಂಬತ್ತಿ ಹಚ್ಚುತ್ತೀಯಂತೆ, ಶನಿವಾರ ಮೊಬೈಲ್ ಮುಟ್ಟುವುದಿಲ್ಲವಂತೆ. ಸಿಗಡಿ ಬಿಟ್ಟಿದ್ದನ್ನು ಊರಲ್ಲಿ ಯಾರೂ ನಂಬಲಿಲ್ಲ! ನಾನು ಬೈಯುವುದಿಲ್ಲ. ಹನ್ನೊಂದು ವರ್ಷ ಅಲ್ಲೇ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಂಡವಳು ನಾನು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎನ್ನುವುದು ಕೈಗೇ ಹತ್ತಿಬಿಟ್ಟಿತ್ತು. ಊರಿಗೆ ಬಂದ ಮೇಲೂ ಕೋಳಿಗೆ ಮೊಸರು ಹಾಕಲು ಎಷ್ಟೋ ದಿನ ಕೈ ಬರಲಿಲ್ಲ.

ಆದರೆ ಯಹೂದಿಗಳ ಲೆಕ್ಕ ನಿನಗೆ ಗೊತ್ತಿರಲಿ. 613 ಕಟ್ಟಳೆ ಅವರಿಗೆ. ಮಿಕ್ಕವರಿಗೆಲ್ಲ ಪ್ರಳಯದಲ್ಲಿ ನಾವೆ ಕಟ್ಟಿದ ನೋಹನ ಏಳೇ ಏಳು. ಕೊಲೆ, ಕಳವು, ಹಾದರ, ದೇವನಿಂದೆ ಬೇಡ. ಜೀವಂತ ಪ್ರಾಣಿಯಿಂದ ಕೊಯ್ದ ಮಾಂಸ ಬೇಡ. ನ್ಯಾಯ ಹೇಳುವ ಕೋರ್ಟು ಬೇಕು. ಮೂರ್ತಿಪೂಜೆ ಕೂಡದು. ಈ ಕೊನೆಯದು ನಮ್ಮ ಮನೆಗೆ ಸಣ್ಣ ಮಾತಲ್ಲ. ನಾನಂತೂ ಅಲ್ಲಿ ದೇವರ ಫೋಟೋಗೆ ದಿನಾ ದೀಪ ಹಚ್ಚಿದೆ. ಮೊದಲನೆಯ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಹಾರುತ್ತಿದ್ದೀಯೇನೋ, ಯೋಚಿಸು.

12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಇದನ್ನೂ ಬರೆದಿಟ್ಟಿದ್ದಾನೆ. ಹೊರಗಿನವರು ಪುಣ್ಯಕ್ಕಾಗಿ ಬೇರೆ ಕಟ್ಟಳೆ ಮಾಡಲು ಬಂದರೆ ತಡೆಯಬೇಡಿ ಅನ್ನುತ್ತಾನೆ. ಶಬ್ಬಾತ್, ಅಂದರೆ ಕೆಲಸ ಮಾಡದ, ಲೈಟೂ ಹಾಕದ ಆ ಶನಿವಾರ ಮಾತ್ರ ಬೇಡ, ಅದು ಅವರದ್ದೇ. ಅಲ್ಲದೆ ನೀನೂ ಶಬ್ಬಾತ್ ಹಿಡಿದರೆ ನೀನು ನೋಡಿಕೊಳ್ಳುವ ಅಜ್ಜಿಗೆ ಲೈಟ್ ಹಾಕುವವರು ಯಾರು? ಕಾಯಿಲೆಯವರಿಗೆ ನಮ್ಮಂಥವರಿಂದ ಮಾಡಿಸಿಕೊಳ್ಳಲು ಅವರ ಧರ್ಮವೇ ಒಪ್ಪುತ್ತದೆ. ಆದರೂ ನನ್ನ ಅಜ್ಜಿ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಕೋಣೆ ಯಾಕೋ ಕತ್ತಲು, ಅಲ್ವಾ?" ಅನ್ನುತ್ತಿದ್ದರು. ನಾನು ಎದ್ದು ಸ್ವಿಚ್ ಒತ್ತುತ್ತಿದ್ದೆ.

ಅವರ ಧರ್ಮಗ್ರಂಥ ತಾಲ್ಮುಡ್‌ನ ಒಂದು ಕಥೆ ಅವರೇ ಹೇಳಿದ್ದು. ಅಷ್ಕೆಲೋನ್‌ನ ದಾಮಾ ಬೆನ್ ನೆತಿನಾ ಯಹೂದಿಯಲ್ಲ. ಮಹಾಯಾಜಕನ ಉಡುಪಿಗೆ ರತ್ನ ಬೇಕೆಂದು ಪಂಡಿತರು ಅವನಲ್ಲಿಗೆ ಬಂದರು. ಲಾಭ ಲಕ್ಷಗಟ್ಟಲೆ. ಪೆಟ್ಟಿಗೆಯ ಕೀಲಿಕೈ ಮಲಗಿದ್ದ ಅಪ್ಪನ ತಲೆಯಡಿ ಇತ್ತು. ಇವನು ಎಬ್ಬಿಸಲಿಲ್ಲ, ವ್ಯಾಪಾರ ಕೈಬಿಟ್ಟಿತು. ಮರುವರ್ಷ ಅವನ ಹಿಂಡಿನಲ್ಲಿ ಕೆಂಪು ಕರು ಹುಟ್ಟಿತು. ದೇವಾಲಯಕ್ಕೆ ಬೇಕಾದ, ಸಿಗದಂಥ ಕರು. ಪಂಡಿತರು ಮತ್ತೆ ಬಂದರು. ಕೇಳಿದಷ್ಟೂ ಕೊಡುತ್ತಿದ್ದರು, ಆದರೆ ಅವನು ಅಂದು ಅಪ್ಪನಿಗಾಗಿ ಬಿಟ್ಟಷ್ಟನ್ನೇ ಕೇಳಿದ.

ಇಷ್ಟಾದ ಮೇಲೂ ರಬ್ಬಿ (ಅವರ ಧರ್ಮಗುರು) ಹನಿನಾ ಏನಂದ ಗೊತ್ತಾ? ಆಜ್ಞೆ ಇದ್ದು ಮಾಡುವವನು, ಇಲ್ಲದೆ ಮಾಡುವವನಿಗಿಂತ ದೊಡ್ಡವನು ಅಂತ. ನನಗೆ ಸಿಟ್ಟೇ ಬಂದಿತ್ತು. ಈಗ ಅಷ್ಟಿಲ್ಲ. ನಾವು ಬೇಜಾರಾದ ದಿನ ಬಿಟ್ಟುಬಿಡಬಹುದು, ಅವರಿಗೆ ಆ ದಾರಿ ಇಲ್ಲ. ನೀನು ಮೋಂಬತ್ತಿ ಹಚ್ಚು, ಸಿಗಡಿಯೂ ಬೇಡ. ಶನಿವಾರದ ಮೊಬೈಲ್ ವ್ರತ ಮಾತ್ರ ಬಿಡು.

ನೀನು ಫೋನ್ ಮಾಡಿ ಮೂರು ವಾರವಾಯಿತು ಅಂತ ನಿನ್ನ ಅಮ್ಮ ನಿನ್ನೆ ಅಂದಳು. ವಾರವಿಡೀ ಹೊಲಿಗೆ, ಅವಳಿಗೆ ಬಿಡುವಿರುವುದು ಶನಿವಾರವೇ. ಬರುವ ಬುಧವಾರ ಅವಳಿಗೆ ಕಣ್ಣಿನ ಪೊರೆ ಆಪರೇಷನ್. ಮಂಗಳವಾರ ರಾತ್ರಿ ಎಂಟರೊಳಗೆ ಫೋನ್ ಮಾಡು, ಆಮೇಲೆ ಮಲಗಿಬಿಡುತ್ತಾಳೆ. ನಿಮಗಾಗ ಸಂಜೆ ಐದೂವರೆ.

ನಿನ್ನ
ದೊಡ್ಡಮ್ಮ